ಲೇಖನಿಯೂ ಬಣ್ಣವೂ



ಕಳೆದ ಮಾಸದಲ್ಲಿ ಒಂದು ಸಾಯಂಕಾಲ, ಹಿಂದೆ ನಮ್ಮಲ್ಲಿ ಓದಿ ಈಗ ಗೃಹಿಣಿಯಾಗಿರುವ ಮಹಿಳೆಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಹುಡುಗಿಗೆ ಇಪ್ಪತ್ತೆರಡು ವರ್ಷ. ಕಥೆ ನಾಟಕಗಳನ್ನು ಬರೆಯುತ್ತಾಳೆ, ಹವ್ಯಾಸಿ ತಂಡವೊಂದರಲ್ಲಿ ಪಾತ್ರ ವಹಿಸುತ್ತಾಳೆ, ಈಗ ಟಿ.ವಿ. ಧಾರಾವಾಹಿಯೊಂದರಿಂದಲೂ ಕರೆ ಬಂದಿದೆ. “ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರುವುದುಂಟೆ, ಮೇಷ್ಟ್ರೇ? ಯಾವುದಾದರೂ ಒಂದನ್ನು ಬಿಡು ಎಂದು ನೀವಾದರೂ ಇವಳಿಗೆ ಬುದ್ಧಿ ಹೇಳಿ” ಎಂದು ತಾಯಿ ಬೇಡಿಕೊಂಡಳು. ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು. ಅದೇ ಬುದ್ಧಿಯನ್ನು ಹಿಂದೊಮ್ಮೆ ಒಬ್ಬನಿಗೆ ಹೇಳಿ, ಅದರ ಫಲವನ್ನು ಕಣ್ಣಾರೆ ಕಂಡವರು ನಾವು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಹುಡುಗನೊಬ್ಬ ವಾರ್ಷಿಕೋತ್ಸವಕ್ಕೆ ತಾನೇ ನಾಟಕ ಬರೆದು, ಅದರಲ್ಲಿ ಮುದುಕನ ಪಾತ್ರವನ್ನೂ ವಹಿಸಿದ. ಸಭೆಗೆ ಸಭೆಯೇ ನಕ್ಕು ಕಣ್ಣೊರಸಿಕೊಂಡಿತು. ಮರುದಿನ ನಾವು ಅವನನ್ನು ಕರೆದು, “ವೇಷ ಕಟ್ಟಿದ್ದು ಸಾಕು, ನಿನ್ನಲ್ಲಿ ಬರವಣಿಗೆಯ ಶಕ್ತಿಯಿದೆ, ಅದನ್ನು ನೋಡಿಕೋ” ಎಂದೆವು. ಅವನು ವಿಧೇಯನು, ಹಾಗೆಯೇ ಮಾಡಿದನು. ಮುಂದಿನ ವರ್ಷ ಅವನು ತಂದು ತೋರಿಸಿದ ನಾಟಕದಲ್ಲಿ ವ್ಯಾಕರಣದೋಷ ಒಂದೂ ಇರಲಿಲ್ಲ. ಆದರೆ ಯಾವ ಮನುಷ್ಯನ ಬಾಯಿಯಲ್ಲಿಯೂ ಹೊರಡಬಲ್ಲ ಮಾತೂ ಒಂದಿರಲಿಲ್ಲ. ಆ ಬಳಿಕ ಅವನು ಬರೆಯಲೇ ಇಲ್ಲ. ಈಗ ವ್ಯಾಪಾರದಲ್ಲಿದ್ದಾನೆ. ಕಂಡಾಗಲೆಲ್ಲ ಕಾಲಿಗೆರಗುತ್ತಾನೆ, ನಮಗೆ ನಾಚಿಕೆಯಾಗುತ್ತದೆ.

ನಾವು ಮಾಡಿದ ತಪ್ಪೇನೆಂಬುದು ಆಮೇಲೆ ತಿಳಿಯಿತು. “ಅಭಿನಯ” ಎಂಬ ಶಬ್ದವನ್ನು ವರ್ಷವರ್ಷವೂ ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದವರು ನಾವೇ. “ಅಭಿ” ಎಂದರೆ ಎದುರಿಗೆ. “ನೀ” ಎಂಬ ಧಾತುವಿಗೆ ಒಯ್ಯುವುದೆಂದು ಅರ್ಥ. ಕವಿಯ ಅರ್ಥವನ್ನು ಪ್ರೇಕ್ಷಕರ ಎದುರಿಗೆ ಒಯ್ಯುವುದೇ ಅಭಿನಯ. ಹಾಗಿರಲು ಹೊರುವವನಿಗೂ ಹೊರಿಸುವವನಿಗೂ ವೈರವೆಲ್ಲಿಯದು? ಮಹಾಕವಿ ಭವಭೂತಿಗೆ ನಟರಲ್ಲಿ ಸಹಜವಾದ ಸ್ನೇಹವಿತ್ತೆಂದು “ಮಾಲತೀಮಾಧವ”ದ ಪ್ರಸ್ತಾವನೆಯಲ್ಲಿಯೇ ಹೇಳಿದೆ.

ಪರದೇಶದಲ್ಲಿಯೂ ಈ ಮಾತಿಗೆ ದೃಷ್ಟಾಂತವುಂಟು. 1622ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಮೋಲಿಯೇರ್ ನಾಟಕಕಾರನೂ ಹೌದು, ನಟನೂ ಹೌದು. ಅವನಿಗೆ ಎದೆಯ ರೋಗವಿದ್ದು ಕೆಮ್ಮು ಬಿಡುತ್ತಿರಲಿಲ್ಲ. 1668ರಲ್ಲಿ ಲೋಭಿಯೊಬ್ಬನ ಮೇಲೆ ಪ್ರಹಸನ ಬರೆದಾಗ, ತಾನು ವಹಿಸತಕ್ಕ ಆ ಲೋಭಿಗೆ ಆ ಕೆಮ್ಮನ್ನೇ ಕೊಟ್ಟುಬಿಟ್ಟನು! ನಟನ ನ್ಯೂನತೆ ಕವಿಗೆ ಸಾಮಗ್ರಿಯಾಯಿತು. ನಟನೆಯನ್ನು ಬಿಟ್ಟರೆ ಫ್ರೆಂಚ್ ಅಕಾಡೆಮಿಯಲ್ಲಿ ಸ್ಥಾನ ದೊರೆಯುವುದೆಂದು ಮಿತ್ರರು ಹೇಳಿದರೂ ಅವನು ಒಪ್ಪಲಿಲ್ಲವೆಂದು ಪ್ರತೀತಿಯಿದೆ. 1673ನೆಯ ಫೆಬ್ರವರಿ 17ರಂದು, ತಾನೇ ಬರೆದ ನಾಟಕದಲ್ಲಿ ಇಲ್ಲದ ರೋಗವನ್ನು ಕಲ್ಪಿಸಿಕೊಳ್ಳುವವನ ಪಾತ್ರ ವಹಿಸುತ್ತಿರುವಾಗ, ಇರುವ ರೋಗವೇ ಉಲ್ಬಣಿಸಿ ಆ ರಾತ್ರಿಯೇ ತೀರಿಕೊಂಡನು. ಅದೇ ಅಕಾಡೆಮಿ 1778ರಲ್ಲಿ ಅವನ ಪ್ರತಿಮೆಯನ್ನು ತನ್ನಲ್ಲಿ ಇರಿಸಿಕೊಂಡಿತು.

ಆದರೆ ಮೋಲಿಯೇರನು ತನ್ನ ತಂಡಕ್ಕಾಗಿ ಬರೆದನು, ಬರೆದುದನ್ನೇ ಆಡಿದನು. ಇಂದಿನ ನಟರಿಗೆ ಆ ಸೌಕರ್ಯವಿಲ್ಲ. ಅನ್ಯರು ಬರೆದುದನ್ನು ಅನ್ಯರು ಕರೆದಾಗ ಆಡಬೇಕು. ಆದ್ದರಿಂದ ಕಲೆಗಳೆರಡೂ ಸೋದರಿಯರಾದರೂ ಗಳಿಗೆಗಳಿಗಾಗಿ ಅವುಗಳಲ್ಲಿ ಜಗಳವುಂಟು. ನಮ್ಮ ಗಿರೀಶ ಕಾರ್ನಾಡರನ್ನೇ ನೋಡಿರಿ. 1961ರಲ್ಲಿ “ಯಯಾತಿ”, 1964ರಲ್ಲಿ “ತುಘಲಕ್” ಬಂದವು. 1970ರಲ್ಲಿ ಬರವಣಿಗೆಗೆಂದು ಮದರಾಸಿನ ಪ್ರಕಾಶನ ಸಂಸ್ಥೆಯ ನೌಕರಿಯನ್ನು ಬಿಟ್ಟರು. ಅದೇ ವರ್ಷ “ಸಂಸ್ಕಾರ” ಚಿತ್ರಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದರು. ಬಳಿಕ ಚಿತ್ರರಂಗ ಬಿಡದೆ ಕರೆಯಿತು: ನಿರ್ದೇಶನ, ಪುಣೆಯ ಚಲನಚಿತ್ರ ಸಂಸ್ಥೆಯ ಆಡಳಿತ, ಹಿಂದಿಯಲ್ಲಿ “ನಿಶಾಂತ್”, “ಮಂಥನ್”, ಮನೆಮನೆಯ ಮಕ್ಕಳೂ ಕಂಡ “ಮಾಲ್ಗುಡಿ ಡೇಸ್” ಧಾರಾವಾಹಿಯಲ್ಲಿ ಸ್ವಾಮಿಯ ತಂದೆ. 1971ರ “ಹಯವದನ”ಕ್ಕೂ 1988ರ “ನಾಗಮಂಡಲ”ಕ್ಕೂ ನಡುವಿನ ದೀರ್ಘಾವಧಿಯಲ್ಲಿ “ಅಂಜುಮಲ್ಲಿಗೆ”, “ಹಿಟ್ಟಿನ ಹುಂಜ” ಎಂಬ ಎರಡೇ ನಾಟಕಗಳು ಬಂದವು. ಚಿತ್ರರಂಗವೊಂದೇ ಇದಕ್ಕೆ ಕಾರಣವೆಂದು ನಾವು ಹೇಳೆವು. ಆದರೂ 1987-88ರಲ್ಲಿ ದೂರದ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಬಿಡುವು ದೊರೆತಾಗ “ನಾಗಮಂಡಲ” ಮೂಡಿತೆಂಬುದು ಗಮನಾರ್ಹವಲ್ಲವೆ? 1990ರಲ್ಲಿ “ತಲೆದಂಡ”, ಕೆಲವೇ ವರ್ಷಗಳಲ್ಲಿ “ಅಗ್ನಿ ಮತ್ತು ಮಳೆ”. 1998ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಅಭಿನಯವನ್ನೂ ಬಿಡಲಿಲ್ಲ; 2019ರಲ್ಲಿ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ “ರಾಕ್ಷಸ ತಂಗಡಿ”ಯನ್ನೂ ಕೊಟ್ಟರು.

ಇದರಿಂದ ನಾವು ಗ್ರಹಿಸಿದ ತತ್ತ್ವ ಒಂದೇ. ನಟನನ್ನು ಕರೆಯುವವರಿದ್ದಾರೆ, ದಿನ ಗೊತ್ತುಮಾಡುತ್ತಾರೆ, ವಾಹನ ಕಳುಹಿಸುತ್ತಾರೆ, ಹಣ ಕೊಡುತ್ತಾರೆ. ಲೇಖಕನನ್ನು ಕರೆಯುವವರು ಯಾರೂ ಇಲ್ಲ. ಬರೆಯದಿದ್ದರೆ ಕೇಳುವವರೂ ಇಲ್ಲ. ಆದ್ದರಿಂದ ಇವೆರಡರಲ್ಲಿ ಮೊದಲು ಸದ್ದಿಲ್ಲದೆ ಸಾಯುವುದು ಬರವಣಿಗೆಯೇ. ಕರೆಯುವವರಿಲ್ಲದ ಕೆಲಸಕ್ಕೆ ಮೊದಲ ಗಳಿಗೆಯನ್ನು ಮೀಸಲಿಡತಕ್ಕದ್ದು.

ಕ್ರಿ.ಶ. 900ರ ಆಸುಪಾಸಿನ ರಾಜಶೇಖರನು ತನ್ನ “ಕಾವ್ಯಮೀಮಾಂಸೆ”ಯಲ್ಲಿ ಕವಿಯ ಹಗಲನ್ನು ನಾಲ್ಕು ಯಾಮಗಳಾಗಿ ಹಂಚಿದ್ದಾನೆ: ಮೊದಲನೆಯದು ಅಧ್ಯಯನಕ್ಕೆ, ಎರಡನೆಯದು ರಚನೆಗೆ, ಊಟವಾದ ಮೇಲೆ ಮೂರನೆಯದು ಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ರಚಿಸಿದ್ದನ್ನು ತಿದ್ದುವುದಕ್ಕೆ. ಧಾರಾವಾಹಿಗೆ ಹೋಗುವ ಹುಡುಗಿಗೆ ನಾಲ್ಕು ಯಾಮಗಳು ಎಲ್ಲಿಂದ ಬರಬೇಕು? ಒಂದು ಗಂಟೆ ಸಾಕು. ಆದರೆ ಅದು ನಿತ್ಯವೂ ಇರಬೇಕು, ಚಿತ್ರೀಕರಣಕ್ಕೆ ಹೊರಡುವುದಕ್ಕೆ ಮುಂಚೆಯೇ ಇರಬೇಕು. ಪಾತ್ರದಲ್ಲಿ ಕಲಿತ ಉಸಿರು, ವಿರಾಮ, ಜನರ ಆಡುಮಾತು ಇವೆಲ್ಲವೂ ಆ ಗಂಟೆಯಲ್ಲಿ ಕಾಗದಕ್ಕೆ ಇಳಿಯುತ್ತವೆ. ದುಡಿಮೆಯ ಹಣದಿಂದ ಬರವಣಿಗೆಗೆ ಬಿಡುವನ್ನೂ ಕೊಳ್ಳಬಹುದು. ಆದರೆ ಹಣ ಕಂಡಂತೆಲ್ಲ ಆಸೆಯೂ ಬೆಳೆದರೆ ಆ ಬಿಡುವು ಎಂದಿಗೂ ಬಾರದು.

ಮನೆಯವರಿಗೂ ಒಂದು ಮಾತು. ರಾಜಶೇಖರನ “ಕರ್ಪೂರಮಂಜರಿ” ರಂಗಕ್ಕೆ ಬರಲೆಂದು ಬಯಸಿದವಳು ಅವನ ಪತ್ನಿ ಅವಂತಿಸುಂದರಿಯೇ ಎಂದು ಆ ನಾಟಕದ ಪ್ರಸ್ತಾವನೆಯಲ್ಲಿದೆ. ಮಗಳು ಬಾಗಿಲು ಹಾಕಿಕೊಂಡು ಕುಳಿತ ಆ ಒಂದು ಗಂಟೆ, ಅಂಗಡಿಗೆ ಹೋಗಿ ಬಾ ಎನ್ನದೆ, ನೆಂಟರು ಬಂದಿದ್ದಾರೆಂದು ಕರೆಯದೆ ಇರುವುದೂ ಸಣ್ಣ ಉಪಕಾರವಲ್ಲ.

ಇಷ್ಟನ್ನೂ ತಾಯಿಮಗಳಿಗೆ ಹೇಳಿದೆವು. “ಹಾಗಾದರೆ ಯಾವುದನ್ನೂ ಬಿಡಬೇಡವೇ?” ಎಂದು ತಾಯಿ ಕೇಳಿದಳು. “ಬೆಳಗಿನ ನಿದ್ದೆಯನ್ನು ಬಿಡಲಿ” ಎಂದೆವು. ಹುಡುಗಿ ನಕ್ಕಳು.

ಈ ಪತ್ರಿಕೆ ನಮ್ಮ ಆ ಹಳೆಯ ಶಿಷ್ಯನ ಮನೆಗೂ ಹೋಗುತ್ತದೆಂದು ಬಲ್ಲೆವು. ಅಪ್ಪಾ, ಅಂದು ನಾವು ಹೇಳಿದ್ದು ತಪ್ಪು. ಎದುರಿಗೆ ಹೇಳಲಾರದುದನ್ನು ಇಲ್ಲಿ ಹೇಳುತ್ತಿದ್ದೇವೆ. ಆ ಮುದುಕನ ಪಾತ್ರಕ್ಕೆ ಈಗ ನಿನಗೆ ವಯಸ್ಸೂ ಹತ್ತಿರವಾಗುತ್ತಿದೆ. ಬರೆ; ಬರೆದುದನ್ನು ಗಟ್ಟಿಯಾಗಿ ಆಡಿ ನೋಡು. ಕೇಳುವುದಕ್ಕೆ ನಾವಿನ್ನೂ ಇದ್ದೇವೆ.