ರೋಗಾಣುವಿಗೂ ‘ಬಳಿ’ ಉಂಟು, ಕೇಳುವವರಿಲ್ಲ

ಮುಂಬಯಿಯಲ್ಲಿ ನಮ್ಮ ಸಂಘ-ಸಂಸ್ಥೆಗಳು ನಡೆಸುವ ವೈದ್ಯಕೀಯ ಶಿಬಿರಗಳಿಗೆ ಕೊರತೆಯಿಲ್ಲ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲದರ ತಪಾಸಣೆಯೂ ನಡೆಯುತ್ತದೆ. ಆದರೆ ಗೊನೋರಿಯಾ ಎಂಬ ಲೈಂಗಿಕ ರೋಗದ ಹೆಸರನ್ನು ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ಅದರ ಪ್ರಚಾರವೇನಿದ್ದರೂ ಲೋಕಲ್ ರೈಲಿನ ಡಬ್ಬಿಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿಗಳಲ್ಲಿ.

ಈ ರೋಗಾಣು ಸಲ್ಫಾ, ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಹೀಗೆ ಒಂದೊಂದೇ ಔಷಧವನ್ನು ಸೋಲಿಸುತ್ತಾ ಬಂದಿದೆ. ಈಗ ಮುಖ್ಯ ಆಸರೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಅದಕ್ಕೂ ಬಗ್ಗದ ತಳಿ 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಪತ್ತೆಯಾಯಿತು.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಡೆದದ್ದನ್ನು ನಾವು ಗಮನಿಸಬೇಕು. 2014ರ ನವೆಂಬರಿನಿಂದ ಅಲ್ಲಿ ಅಜಿತ್ರೋಮೈಸಿನ್ ಮಾತ್ರೆಗೆ ಕಿಂಚಿತ್ತೂ ಜಗ್ಗದ ಗೊನೋರಿಯಾ ಕಾಣಿಸಿಕೊಂಡಿತು. ಪ್ರಯೋಗಾಲಯದವರು ರೋಗಾಣುವಿನ ಎರಡು ಜೀನುಗಳ ತುಣುಕುಗಳನ್ನು ಓದಿ, ಅದರ ವಂಶಕ್ಕೊಂದು ಸಂಖ್ಯೆ ಕೊಟ್ಟು ಹೋಲಿಸಿದರು. ನಮ್ಮ ಕರಾವಳಿಯಲ್ಲಿ ಸಂಬಂಧ ಕೂಡಿಸುವ ಮೊದಲು ‘ಬಳಿ’ ಯಾವುದೆಂದು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಬಳಿ ಒಂದೇ ಎಂದು ತಿಳಿಯಿತು. ಅಂದರೆ ಪ್ರತಿಯೊಬ್ಬ ರೋಗಿಯಲ್ಲೂ ಹೊಸದಾಗಿ ಹುಟ್ಟಿಕೊಂಡ ಮೊಂಡುತನ ಅದಲ್ಲ; ಒಂದೇ ತಳಿ ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು. ಆದುದರಿಂದ ಸಂಗಾತಿಗಳನ್ನು ಹುಡುಕಿ ಚಿಕಿತ್ಸೆ ಕೊಡುವ ಕೆಲಸ ಶುರುವಾಯಿತು. ಹಲವರು ಸಿಗಲೇ ಇಲ್ಲ, ತಳಿ ಬೇರೆ ಊರುಗಳಿಗೂ ಹಬ್ಬಿತು. ಆದರೂ ಅದು ಎಲ್ಲಿಗೆ ಹೋಯಿತೆಂಬ ಲೆಕ್ಕ ಅವರ ಕೈಯಲ್ಲಿತ್ತು. ಅಜಿತ್ರೋಮೈಸಿನ್‌ಗೆ ಪ್ರತಿರೋಧ ಹೆಚ್ಚುತ್ತಿರುವುದನ್ನು ಕಂಡು 2019ರಲ್ಲಿ ಬ್ರಿಟನ್ನಿನ ವೈದ್ಯರು ಮೊದಲ ಚಿಕಿತ್ಸೆಯಿಂದ ಅದನ್ನು ಕೈಬಿಟ್ಟರು.

ನಮ್ಮಲ್ಲಿ? ಸರಕಾರಿ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಲಕ್ಷಣ ನೋಡಿ ಬಣ್ಣದ ಪೊಟ್ಟಣ ಕೊಡುವ ಪದ್ಧತಿ ಬಂದಿದೆ. ಬೂದು ಬಣ್ಣದ ಪೊಟ್ಟಣದಲ್ಲಿ ಇರುವುದು ಅದೇ ಅಜಿತ್ರೋಮೈಸಿನ್, ಜೊತೆಗೆ ಸೆಫಿಕ್ಸಿಮ್. ಇದನ್ನು ನಾನು ಹಳಿಯುವುದಿಲ್ಲ. ದಿನಗೂಲಿಯವ ವರದಿಗಾಗಿ ಮತ್ತೆ ಬರುತ್ತಾನೆಂಬ ಭರವಸೆಯಿಲ್ಲ, ಅವನಿಗೆ ಅಂದೇ ಮಾತ್ರೆ ಸಿಗುವುದು ಒಳ್ಳೆಯದೇ. ಆದರೆ ಸ್ರಾವದ ಮಾದರಿ ತೆಗೆಯದಿದ್ದರೆ ರೋಗಾಣುವನ್ನು ಬೆಳೆಸಿ ನೋಡುವಂತಿಲ್ಲ, ಅದರ ಬಳಿ ಕೇಳುವಂತೆಯೂ ಇಲ್ಲ. ಖಾಸಗಿ ಲ್ಯಾಬುಗಳ ಡಿಎನ್‌ಎ ಪರೀಕ್ಷೆ ರೋಗ ಇದೆಯೋ ಇಲ್ಲವೋ ಹೇಳೀತು. ಯಾವ ಮದ್ದು ನಾಟುತ್ತದೆಂದು ತಿಳಿಯಲು ಜೀವಂತ ರೋಗಾಣುವೇ ಬೇಕು. ಪ್ರತಿ ರೋಗಿಗೆ ಬೇಡ, ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವರದಾದರೂ ಮಾದರಿ ತೆಗೆದಿಡಲು ಏನು ಅಡ್ಡಿ?

ಇನ್ನು ಮೆಡಿಕಲ್ ಸ್ಟೋರಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಸೆಫಿಕ್ಸಿಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಹಾಗೆನ್ನುತ್ತದೆ.

ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ವರ್ಷಕ್ಕೊಂದೆರಡು ಬಾರಿ ಊರಿಗೆ ಹೋಗಿ ಬರುವ ಹುಡುಗರು ನಮ್ಮಲ್ಲಿ ಬಹಳ. ಅವರ ಮೇಲೆ ಬೆರಳು ತೋರಿಸುತ್ತಿಲ್ಲ. ಈ ರೋಗ ಮಾಲಕ, ನೌಕರ ಎಂದು ನೋಡುವುದಿಲ್ಲ. ಗಂಡಸಿಗೆ ಉರಿಮೂತ್ರ, ಕೀವು ಕಾಣಿಸಬಹುದು. ಊರಿನಲ್ಲಿರುವ ಹೆಂಡತಿಗೆ ಅನೇಕ ವೇಳೆ ಏನೂ ತಿಳಿಯುವುದಿಲ್ಲ. ಮಕ್ಕಳಾಗದೆ ಹೋದಾಗ ‘ಬಂಜೆ’ ಎಂಬ ಮಾತು ಕೇಳಬೇಕಾದವಳು ಅವಳೇ. ಹೆರಿಗೆಯಲ್ಲಿ ಸೋಂಕು ತಗಲಿದರೆ ಮಗುವಿನ ಕಣ್ಣೇ ಹೋಗಬಹುದು.

ಮುಂದಿನ ಶಿಬಿರದಲ್ಲಿ ಸಂಘದ ಪದಾಧಿಕಾರಿಗಳು ಒಂದು ಕೋಣೆಯ ಬಾಗಿಲು ಮುಚ್ಚಿ, ನಮ್ಮ ಭಾಷೆ ಬಲ್ಲ ಒಬ್ಬ ಚರ್ಮ-ಗುಹ್ಯರೋಗ ತಜ್ಞರನ್ನು ಕೂರಿಸಲಿ. ಹೊರಗೆ ಬೋರ್ಡು ಹಾಕುವುದು ಬೇಡ, ಹೆಸರು ಬರೆಸಿಕೊಳ್ಳುವುದೂ ಬೇಡ.