ಕೊಲ್ಹಾರದ ಮೊಸರು ಉಂಡವರ ಋಣ

ವಿಜಯಪುರದಿಂದ ಬಾಗಲಕೋಟೆಗೆ ಓಡಾಡಿದವರಿಗೆ ಕೊಲ್ಹಾರವೆಂದರೆ ಮೊಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆಯ ಮೊಸರು ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ಲಾರಿ ಹೊಡೆಯುವವರು ಉಂಡಿದ್ದಾರೆ, ಅಧಿಕಾರಿಗಳು ಉಂಡಿದ್ದಾರೆ. ಆದರೆ ಉಣಿಸಿದವರ ಗತಿ ಏನಾಯಿತೆಂದು ಕೇಳಿದವರು ಕಡಿಮೆ. ನಾವು ಇಂದು ಆ ಪ್ರಶ್ನೆಯನ್ನೇ ಕೇಳಬೇಕೆಂದಿದ್ದೇವೆ.

ಈಚೆಗೆ ನಾವು ಗೆಳೆಯರೊಬ್ಬರನ್ನು ಕರೆದುಕೊಂಡು, ಉಣ್ಣುವುದಕ್ಕೆಂದೇ ಕೊಲ್ಹಾರಕ್ಕೆ ಹೋದೆವು. ಗೆಳೆಯರು ಕೆಲವು ವರ್ಷ ಕಲ್ಕತ್ತೆಯಲ್ಲಿ ದುಡಿದು ಬಂದವರು. ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಿಯೊಬ್ಬಳ ಹತ್ತಿರ ಕುಳಿತೆವು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಮೇಲೊಂದು ಗಡಿಗೆ ಮೊಸರು. ಗೆಳೆಯರು ಅನುಮಾನದಿಂದ ನೋಡಿದ್ದಕ್ಕೆ ಆಕೆ ಗಡಿಗೆಯನ್ನು ಬೋರಲು ಹಿಡಿದು ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

ಇದರಲ್ಲಿ ಮಾಯೆ ಇಲ್ಲ, ದುಡಿಮೆ ಇದೆ. ಹಾಲನ್ನು ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಹೆಪ್ಪು ಹಾಕಿ ಗಡಿಗೆಗೆ ಹೊಯ್ಯುತ್ತಾರೆ. ಸುಟ್ಟ ಮಣ್ಣು ನೀರಿನಂಶವನ್ನು ಹೀರಿಕೊಳ್ಳುತ್ತದೆ, ಮೊಸರು ಗಟ್ಟಿಯಾಗುತ್ತದೆ. ಎಮ್ಮೆ ಸಾಕಿದವನೊಬ್ಬ, ಗಡಿಗೆ ಸುಟ್ಟ ಕುಂಬಾರನೊಬ್ಬ, ರೊಟ್ಟಿ ಬಡಿದವಳೊಬ್ಬಳು, ಬಿಸಿಲಲ್ಲಿ ಕುಳಿತು ಮಾರುವವಳೊಬ್ಬಳು: ನಾಲ್ಕು ಮನೆಯ ಬೆವರು ಒಂದು ಊಟದಲ್ಲಿದೆ.

“ಹಾಲು ಮೊದಲಿನಷ್ಟೇ ಸಿಗ್ತದೇನವ್ವಾ?” ಎಂದು ಕೇಳಿದೆವು.

“ಎಲ್ಲೀದ್ರಿ ಯಣ್ಣಾ? ಹೊಳಿ ದಂಡ್ಯಾಗ ಹುಲ್ಲಿತ್ತು, ಎಮ್ಮಿ ಬಿಟ್ರ ಮೇದು ಬರ್ತಿದ್ವು. ಈಗ ಕಣಕಿನೂ ರೊಕ್ಕಾ, ಹಿಂಡಿನೂ ರೊಕ್ಕಾ. ದಂಡಿನ ನೀರಾಗ ಹೋತು.”

ಆ ಕೊನೆಯ ಮಾತಿನ ಹಿಂದೆ ಅರ್ಧ ಶತಮಾನದ ಕಥೆ ಇದೆ. ಆಲಮಟ್ಟಿ ಆಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಕೆಲಸ ಮುಗಿದದ್ದು 2005ರಲ್ಲಿ. ಕೃಷ್ಣೆಯ ಹಿನ್ನೀರು ಏರಿದಂತೆ ಹಳೆಯ ಕೊಲ್ಹಾರ ಖಾಲಿಯಾಯಿತು, ಮೇಲೆ ಹೊಸ ಊರು ಎದ್ದಿತು. ಆಣೆಕಟ್ಟು ಬೇಡವೆಂದವರು ನಾವಲ್ಲ. ಬರದಲ್ಲಿ ಬೆಂದ ಈ ಜಿಲ್ಲೆಗೆ ನೀರಿನ ಬೆಲೆ ಗೊತ್ತು. ಆದರೆ ನೀರು ಯಾರ ಹೊಲಕ್ಕೆ ಬಂದಿತು, ಯಾರ ಒಲೆಯನ್ನು ಆರಿಸಿತು ಎಂಬ ಲೆಕ್ಕವನ್ನು ಒಟ್ಟಿಗೇ ಇಡಬೇಕಲ್ಲವೆ? ಹೊಲಕ್ಕೆ ಎಕರೆ ಇದೆ, ಮನೆಗೆ ಅಳತೆ ಇದೆ. ಹುಲ್ಲುಗಾವಲಿಗೆ, ಕುಂಬಾರನ ಮಣ್ಣಿಗೆ, ಸಂತೆಯ ಮೂಲೆಯಲ್ಲಿ ತಲೆಮಾರಿನಿಂದ ಬಂದ ಗಿರಾಕಿಗೆ ಯಾವ ಅಳತೆ? ಗಿರಣಿಯ ಬಾಗಿಲು ಮುಚ್ಚಿದಾಗ ಕಾರ್ಮಿಕನ ಬಾಕಿಗಾಗಿ ಕೋರ್ಟಿಗಾದರೂ ಹೋಗಬಹುದು. ಗೇಟಿನ ಮುಂದೆ ಚಹಾ ಮಾರುತ್ತಿದ್ದವನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಗಿರಣಿಯಲ್ಲಿ ದುಡಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆಳೆಯರು ಕಲ್ಕತ್ತೆಯ ಮಾತು ತೆಗೆದರು. ಅಲ್ಲಿ ಟಿರೆಟ್ಟಾ ಬಜಾರಿನಲ್ಲಿ ಚೀನೀಯರು ಬೆಳಗಿನ ಹೊತ್ತು ಹಬೆಯಲ್ಲಿ ಬೆಂದ ಕಡುಬಿನಂಥ ತಿಂಡಿ ಮಾರುತ್ತಾರೆ. ಟ್ಯಾಂಗ್ರಾದಲ್ಲಿ ಚರ್ಮ ಹದಮಾಡಿ ಬದುಕಿದ ಹಕ್ಕಾ ಚೀನೀಯರ ಹೋಟೆಲುಗಳಿವೆ. ಊರೆಲ್ಲ ಅಲ್ಲಿ ಉಣ್ಣಲು ಹೋಗುತ್ತದೆ. ಆದರೆ 1962ರ ಯುದ್ಧದಲ್ಲಿ, ಈ ನೆಲದಲ್ಲೇ ಹುಟ್ಟಿದವರನ್ನೂ ಸೇರಿಸಿ, ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ತುಂಬಿದರು. ಕೆಲವರು ಹೊರಬಂದದ್ದು 1967ರಲ್ಲಿ. 1996ರಲ್ಲಿ ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳನ್ನು ಊರ ಹೊರಗೆ ಸಾಗಿಸಲು ಆಜ್ಞೆ ಮಾಡಿತು. ಎಷ್ಟೋ ಮನೆಗಳವರು ಕೆನಡಾ ಮೊದಲಾದ ದೇಶಗಳಿಗೆ ಹೊರಟುಹೋದರು. ಇತ್ತ ನಮ್ಮ ಜಿಲ್ಲೆಯ ತಳ್ಳುಗಾಡಿಗಳ ಮೇಲೂ ಚೀನೀ ಹೆಸರಿನ ತಿಂಡಿ ಕರಿಯುತ್ತಿದೆ. “ತಿಂಡಿ ಎಲ್ಲಾ ಕಡೆ ಬಂತು, ಮಾಡಿದ ಮಂದಿ ಊರು ಬಿಟ್ರು” ಎಂದರು ಗೆಳೆಯರು.

ಕೊಲ್ಹಾರದವರ ಕಷ್ಟವೂ ಅವರ ಕಷ್ಟವೂ ಒಂದೇ ಅಲ್ಲ. ಒಂದು ಕಡೆ ಯುದ್ಧದ ಭೀತಿ, ಇನ್ನೊಂದು ಕಡೆ ಯೋಜನೆಯ ಆತುರ. ಆದರೆ ಎರಡೂ ಕಡೆ ರುಚಿ ಬೇಕಾಯಿತು, ಕೈ ಬೇಡವಾಯಿತು.

ಇದು ಮುಗಿದ ಕಥೆಯೂ ಅಲ್ಲ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣ ಹೊಲಕ್ಕೆ 30 ಲಕ್ಷ ರೂಪಾಯಿ ಎಂದು ದರ ಗೊತ್ತುಮಾಡಿತು. ರೈತನಿಗೆ ನ್ಯಾಯವಾದ ಬೆಲೆ ಸಿಗಲಿ, ಅದು ಅವನ ಹಕ್ಕು. ಆದರೆ ಎಕರೆಯೇ ಇಲ್ಲದವರು?

ಕೆಲವರು ಹೇಳುತ್ತಾರೆ: ವ್ಯಾಪಾರಸ್ಥ ಎಲ್ಲಿ ಕುಳಿತರೂ ವ್ಯಾಪಾರ ಮಾಡುತ್ತಾನೆ, ಅವನಿಗೇಕೆ ಪರಿಹಾರ? ಈ ಮಾತು ಆಡುವವರು ಒಂದು ದಿನ ಬುಟ್ಟಿ ಹೊತ್ತು ನೋಡಲಿ. ಬಸ್ಸು ನಿಲ್ಲದ ಕಡೆ ಮೊಸರು ಕೊಳ್ಳುವವರಿಲ್ಲ. ಮಾರದೆ ಉಳಿದ ಮೊಸರು ಮರುದಿನಕ್ಕೆ ಹುಳಿ, ಹಾಲಿನವನ ಉದ್ರಿ ಮಾತ್ರ ಹಾಗೇ ಉಳಿಯುತ್ತದೆ.

ಕಾನೂನು ಇವರನ್ನು ಮರೆತಿಲ್ಲ, ಕಚೇರಿಗಳು ಮರೆತಿವೆ. 2013ರ ಭೂಸ್ವಾಧೀನ ಕಾಯ್ದೆಯು ಭೂಮಿ ಇಲ್ಲದಿದ್ದರೂ ಮೂರು ವರ್ಷದಿಂದ ಆ ಪ್ರದೇಶದಲ್ಲಿ ದುಡಿದು ಬದುಕುವ ಕೂಲಿಗಾರ, ಕಸುಬುದಾರರ ಕುಟುಂಬಗಳನ್ನೂ ಬಾಧಿತರೆಂದು ಎಣಿಸುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಕೊಲ್ಹಾರ ಈಗ ಪಟ್ಟಣ ಪಂಚಾಯಿತಿ. ಕಾಯ್ದೆ ಅಲ್ಲಿಗೂ ಸಲ್ಲುತ್ತದೆ.

ಆದುದರಿಂದ ನಾವು ಕೇಳುವುದು ಇಷ್ಟು. ಮೊಸರು, ರೊಟ್ಟಿ ಮಾರುವವರೆಲ್ಲರ ಹೆಸರು ಬರೆದು ಪ್ರಮಾಣಪತ್ರ ಕೊಡಲಿ. ಬಸ್ಸು ನಿಲ್ಲುವ ಕಡೆಯಲ್ಲೇ ನೆರಳು, ಕುಡಿಯುವ ನೀರು ಇರುವ ಕಟ್ಟೆ ಕಟ್ಟಿಸಲಿ. ಕುಂಬಾರರಿಗೆ ಮಣ್ಣು, ದನಗಳಿಗೆ ಮೇವಿನ ನೆಲ ಗೊತ್ತುಮಾಡಲಿ. ಮುಂದೆ ಮುಳುಗುವ ಹಳ್ಳಿಗಳಲ್ಲಿ ಎಕರೆಯ ಪಟ್ಟಿಯ ಜೊತೆಗೆ ಕಸುಬಿನ ಪಟ್ಟಿಯನ್ನೂ ಈಗಲೇ ಬರೆಯಲಿ. ನೀರು ಬಂದ ಮೇಲೆ ಬರೆಯುವ ಪಟ್ಟಿ ನೀರಿನ ಮೇಲಿನ ಬರಹ.

ಇವರಿಗೆ ಸಂಘವಿಲ್ಲದಿದ್ದರೆ ಸಂಘ ಕಟ್ಟಲು ಗಿರಣಿಯ ಕಾರ್ಮಿಕರು, ಸಣ್ಣ ಅಂಗಡಿಕಾರರು ಕೈಗೂಡಿಸಬೇಕು. ಬೋರಲು ಹಿಡಿದರೂ ಬೀಳದಂಥ ಮೊಸರು ಮಾಡುವ ಕೈಗಳು ಒಂದಾದರೆ ಅವನ್ನು ಅಲುಗಿಸುವುದು ಯಾರಿಗೂ ಸುಲಭವಲ್ಲ.