ಎಂಟು ಮಿಲಿಮೀಟರ್ ತಪ್ಪು

ನಮ್ಮ ಕಡೆ ಸೈನ್ಸ್ ಎಕ್ಸಿಬಿಷನ್ ಅಂದ್ರೆ ಗೊತ್ತಲ್ಲ, ಥರ್ಮೋಕೋಲ್ ಕೊಯ್ಯೋದು ಅಪ್ಪ, ಬಣ್ಣ ಬಳಿಯೋದು ಅಮ್ಮ, ಪ್ರೈಜ್ ಮಾತ್ರ ಮಗೂಗೆ :-) ಅಮೆರಿಕಕ್ಕೆ ಬಂದ್ಮೇಲೆ ನಾನೂ ಅದೇ ಅಪ್ಪ ಆಗಿಬಿಟ್ಟಿದ್ದೆ.

ಇಲ್ಲಿ ಮಿಷಿಗನ್‌ನಲ್ಲಿ ಮಗಳ ಹೈಸ್ಕೂಲ್ ತಂಡ ಪ್ರತಿ ವರ್ಷ 'ಫಸ್ಟ್ ರೋಬಾಟಿಕ್ಸ್' ಸ್ಪರ್ಧೆಗೆ ಹೋಗುತ್ತೆ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುರುವಾದದ್ದು. ನಾನು ಮೆಂಟರ್. ಹೋದ ವರ್ಷ ರೋಬಾಟಿನ ಡ್ರೈವ್‌ಟ್ರೇನ್, ಅಂದ್ರೆ ಚಕ್ರ, ಮೋಟಾರು ಕೂರೋ ಕೆಳಗಿನ ಚೌಕಟ್ಟು, ತಗಡಿನಲ್ಲಿ ನಾನೇ ಡಿಸೈನ್ ಮಾಡಿದೆ. ಅಚ್ಚುಕಟ್ಟಾಗಿ ಬಂತು. ಸ್ಪರ್ಧೆಯಲ್ಲಿ ಜಡ್ಜ್ ಒಬ್ಬರು "ನಡುವಿನ ಚಕ್ರ ಯಾಕೆ ಸ್ವಲ್ಪ ಕೆಳಗಿದೆ?" ಅಂತ ಕೇಳಿದ್ರು. ಮಕ್ಕಳೆಲ್ಲ ನನ್ನ ಮುಖ ನೋಡಿದ್ರು. ನಾಚಿಕೆ ಆಯ್ತು, ಅವರಿಗಲ್ಲ, ನನಗೆ.

ಈ ವರ್ಷ ಕೈ ಕಟ್ಟಿ ಕೂತೆ. 6061-ಟಿ6 ಅಲ್ಯೂಮಿನಿಯಂ ಗಟ್ಟಿ, ಆದ್ರೆ ಚೂಪಾಗಿ ಮಡಿಸಿದ್ರೆ ಬಿರುಕು ಬಿಡುತ್ತೆ ಅಂತ ಓದಿಕೊಂಡು 2.3 ಮಿ.ಮೀ. ದಪ್ಪದ 5052 ತಗಡನ್ನ ಮಕ್ಕಳೇ ಆರಿಸಿದ್ರು. ಎಡವಿದ್ದು ಮಡಿಕೆಯಲ್ಲಿ. ಮಡಿಸೋ ಜಾಗದಲ್ಲಿ ತಗಡು ಹಿಗ್ಗುತ್ತೆ. ಹೊರಗಿನ ಅಳತೆಗಳನ್ನ ಹಾಗೇ ಕೂಡಿ ಕತ್ತರಿಸೋ ಹಾಗಿಲ್ಲ. ಈ ದಪ್ಪಕ್ಕೆ ಒಂದು ಮಡಿಕೆಗೆ ಸುಮಾರು 4 ಮಿ.ಮೀ. ಕಳೀಬೇಕು. ಅವರು ಕಳೆದಿರಲಿಲ್ಲ. ಯು ಆಕಾರದ ಚಾನೆಲ್ಲಿಗೆ ಎರಡು ಮಡಿಕೆ, 8 ಮಿ.ಮೀ. ಅಗಲ ಜಾಸ್ತಿ. ಆಕ್ಸಲ್ ಆಚೆ ಕಡೆ ಬೇರಿಂಗನ್ನ ಮುಟ್ಟಲೇ ಇಲ್ಲ!

ಡ್ರಾಯಿಂಗ್ ನೋಡಿದಾಗಲೇ ನನಗೆ ಗೊತ್ತಾಗಿತ್ತು. ಹೇಳಿರಲಿಲ್ಲ.

"ಗೊತ್ತಿದ್ದೂ ಸುಮ್ನಿದ್ರಾ?" ಅಂತ ಇನ್ನೊಬ್ಬ ಹುಡುಗನ ತಂದೆ ರೇಗಿದ್ರು. ಒಂದು ಶೀಟಿನ ದುಡ್ಡು, ಒಂದು ವಾರ ಹೋಯ್ತು, ನಿಜ. ಅವರ ಮಾತಲ್ಲೂ ಅರ್ಧ ಸತ್ಯ ಇದೆ. "ಮೊದಲು ಒಂದು ಚೂರು ಪಟ್ಟಿ ಮಡಿಸಿ ಅಳೆದು ನೋಡಿ" ಅಂತಾದ್ರೂ ನಾನು ಹೇಳಬಹುದಿತ್ತು. ದಾರಿ ತೋರಿಸೋದಕ್ಕೂ ಉತ್ತರ ಬರೆದುಕೊಡೋದಕ್ಕೂ ವ್ಯತ್ಯಾಸ ಇದೆಯಲ್ಲ.

ಆದ್ರೂ ನನ್ನ ಪಕ್ಷ ಇದೇ: ತಗಡಿನ ತಪ್ಪು ಕೈಗೆ ಸಿಗೋ ತಪ್ಪು. ಅಳೀಬಹುದು, ಹಿಡಿದು ನೋಡಬಹುದು. ಪರೀಕ್ಷೆಯಲ್ಲಿ ಕಳಕೊಂಡ ಅಂಕ ಹಾಗಲ್ಲ.

ಮಕ್ಕಳು ಉದ್ದದ ಆಕ್ಸಲ್ ಕೊಯ್ದು, ಅಡ್ಡ ಪಟ್ಟಿಗಳಿಗೆ ಹೊಸ ತೂತು ಕೊರೆದು, ರಿವೆಟ್ ಹೊಡೆದ್ರು. ಸ್ಪರ್ಧೆಯಲ್ಲಿ ಮತ್ತದೇ ಪ್ರಶ್ನೆ ಬಂತು. "ನಡುವಿನ ಚಕ್ರ 3 ಮಿ.ಮೀ. ಕೆಳಗಿದ್ರೆ ಆರರಲ್ಲಿ ನಾಲ್ಕೇ ನೆಲಕ್ಕೆ ತಾಗುತ್ತೆ, ತಿರುಗೋದು ಸಲೀಸು" ಅಂದಳು ಒಬ್ಬಳು ಹುಡುಗಿ. ಆಮೇಲೆ ಕೇಳದೇ ಇದ್ರೂ ಎಂಟು ಮಿಲಿಮೀಟರಿನ ಕಥೆಯನ್ನೂ ಹೇಳಿದ್ಲು.

ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನೀವಾಗಿದ್ರೆ ಹೇಳಿಬಿಡ್ತಿದ್ರಾ?